ಮೂರೂವರೆ ಬೆರಳು

ಹೊಟ್ಟೆಕಿಚ್ಚು ಒಳ್ಳೆಯದಲ್ಲ ಎಂದು ಉಪದೇಶ ಮಾಡುವವರನ್ನು ನಾನು ಬಹಳ ಜನ ನೋಡಿದ್ದೇನೆ. ಅವರಲ್ಲಿ ಒಬ್ಬರಿಗೂ ಷಡ್ಡಕ ಇರಲಿಲ್ಲ.

ನನಗಿದ್ದಾನೆ. ನನ್ನ ಹೆಂಡತಿಯ ತಂಗಿಯ ಗಂಡ. ನಾನೂ ಬಡಗಿ, ಅವನೂ ಬಡಗಿ. ನಮ್ಮಿಬ್ಬರಿಗೂ ಹೆಣ್ಣು ಕೊಟ್ಟ ಮಾವನೂ ಬಡಗಿಯೇ, ಅದೂ ಎಂಥ ಬಡಗಿ ಅಂತೀರಿ! ಯಾರೇ ಕೊಯ್ದ ಮರ ತೋರಿಸಲಿ, ಅಂಚಿನ ಮೇಲೆ ಹೆಬ್ಬೆರಳ ಉಗುರು ಎಳೆದು ನೋಡುತ್ತಾರೆ. ಉಗುರು ಎಲ್ಲೂ ತಡೆಯದಿದ್ದರೆ "ಹೂಂ" ಅನ್ನುತ್ತಾರೆ. ತಡೆದರೆ ಏನೂ ಅನ್ನದೆ ಎದ್ದು ಹೋಗುತ್ತಾರೆ. ಮದುವೆಯಾದ ಹದಿನಾಲ್ಕು ವರ್ಷದಲ್ಲಿ ಅವರು ಎದ್ದು ಹೋಗುವುದನ್ನು ಮಾತ್ರ ನಾನು ನೋಡಿದ್ದೆ. ಷಡ್ಡಕ ಮದುವೆಯಾದ ಮೂರನೇ ತಿಂಗಳಿಗೇ ಒಂದು "ಹೂಂ" ಗಿಟ್ಟಿಸಿಕೊಂಡ.

ಹಾಗಂತ ನಾನು ಕೆಲಸ ಬಾರದವನಲ್ಲ. ಷಡ್ಡಕ ಯಾವುದೋ ಕಾರ್ಖಾನೆಯಲ್ಲಿ ಕಲಿತು ಬಂದವನು. ನಾನು ಮಾವನ ಕೈಕೆಳಗೇ ಕಲಿತವನು. ಅವರು ಕಲಿಸಿದ ಮೊದಲ ಪಾಠವೇ ಬೆರಳಿನ ಅಳತೆ. "ಟೇಪು ಮನೇಲಿ ಮರೆತು ಬರಬಹುದು ಅಳಿಯಂದ್ರೇ, ಬೆರಳು ಮರೆತು ಬರೋಕಾಗಲ್ಲ" ಅನ್ನುತ್ತಿದ್ದರು. ನಮ್ಮ ಹಳೇ ಕೊಯ್ಯುವ ಮಷೀನಿನ ಅಡಿತಟ್ಟೆಯ ಅಂಚಿಗೂ ಬ್ಲೇಡಿಗೂ ನಡುವೆ ಸರಿಯಾಗಿ ಮೂರೂವರೆ ಬೆರಳು. ಎಲ್ಲಿ ಕೊಯ್ಯಬೇಕೋ ಅಲ್ಲಿ ಗೆರೆ ಹಾಕು, ಗೆರೆಯಿಂದ ಮೂರೂವರೆ ಬೆರಳು ಒಳಗೆ ಒಂದು ನೆಟ್ಟಗಿನ ಮರದ ಪಟ್ಟಿ, ಅಂದರೆ ರೀಪು, ಹೊಡೆ, ರೀಪಿಗೆ ತಗುಲಿಸಿಕೊಂಡು ಮಷೀನು ತಳ್ಳು, ಬ್ಲೇಡು ಗೆರೆಯ ಮೇಲೇ ಹೋಗುತ್ತದೆ. ಹದಿನಾಲ್ಕು ವರ್ಷ ಹೀಗೇ ಕೊಯ್ದಿದ್ದೇನೆ. ನನ್ನ ಮಕ್ಕಳ ಹುಟ್ಟಿದ ತಾರೀಖು ಕೇಳಿದರೆ ತಡವರಿಸೇನು, ಮೂರೂವರೆ ಬೆರಳು ನಿದ್ದೆಯಲ್ಲೂ ತಪ್ಪುವುದಿಲ್ಲ.

ಹೀಗಿರುವಾಗ ಒಂದು ದಿನ ತಂಗಿಯ ಮನೆಗೆ ಹೋಗಿದ್ದ ನನ್ನ ಹೆಂಡತಿ ಮುಖವೆಲ್ಲ ಅರಳಿಸಿಕೊಂಡು ಬಂದಳು.

"ರೀ, ಅವರ ಮನೇಲಿ ಹೊಸ ಮಷೀನು ಬಂದಿದೆ ಕಣ್ರೀ! ಟ್ರ್ಯಾಕ್ ಸಾ ಅಂತೆ. ಕಂಬಿ ಮೇಲೆ ರೈಲು ಹೋದ ಹಾಗೆ ಹೋಗುತ್ತೆ. ಮೇಲಿಂದ ಒತ್ತಿದ್ರೆ ಸಾಕು, ಬ್ಲೇಡು ಮರದ ಮಧ್ಯಕ್ಕೇ ಇಳಿಯುತ್ತೆ. ಧೂಳೆಲ್ಲ ಚೀಲದೊಳಗೆ. ಅವರು ಬಿಳಿ ಅಂಗಿ ಹಾಕ್ಕೊಂಡು ಕೊಯ್ತಾ ಇದ್ರು!"

ಇಷ್ಟು ಹೇಳಿ ಸುಮ್ಮನಿದ್ದಿದ್ದರೆ ಈ ಕಥೆ ಇರುತ್ತಿರಲಿಲ್ಲ. ಅವಳು ನನ್ನ ಅಂಗಿಯ ಕಡೆ ನೋಡಿದಳು. ಅದರ ಮೂಲ ಬಣ್ಣ ಯಾವುದು ಎಂದು ನನಗೂ ನೆನಪಿರಲಿಲ್ಲ.

ಸಂಜೆಯೇ ಹೋಗಿ ನೋಡಿದೆ. ಹೊಟ್ಟೆ ಉರಿಯಿತು ಅಂದರೆ ಉರಿಯಿತು. ಕೊಯ್ದ ಅಂಚಿಗೆ ಉಜ್ಜುಕಾಗದ ಬೇಡ, ಮರ ಹೆರೆಯುವ ತೋಪಡಾ ಬೇಡ, ಗಾಜಿನ ಹಾಗಿತ್ತು. ಷಡ್ಡಕ ನನ್ನನ್ನು ನೋಡಿ ನಕ್ಕ.

"ನಿಮಗೆ ಇದೆಲ್ಲ ಯಾಕೆ ಬೇಕು ಅಣ್ಣ? ನೀವು ಹಳೇ ಮಷೀನಲ್ಲೇ, ಬೆರಳಳತೇಲೇ ನೆಟ್ಟಗೆ ಕೊಯ್ತೀರಿ. ನನ್ನಂಥವರಿಗೆ ಬೇಕು ಇಂಥ ಮಷೀನು."

ಕೇಳಿದಿರಾ? ನಾನು ಹಳೇ ಕಾಲದವನು ಎಂದು ಮುಖಕ್ಕೇ ಹೇಳಿದ, ಅದೂ ಹೊಗಳಿದ ಹಾಗೆ ಹೇಳಿದ. ಇಂಥ ಜಾಣತನ ಕಾರ್ಖಾನೆಯಲ್ಲಿ ಕಲಿಸುತ್ತಾರೋ ಏನೋ.

ಅದೇ ವಾರ ಹಲ್ಲಿನ ಡಾಕ್ಟರು ನಮ್ಮಿಬ್ಬರನ್ನೂ ಕರೆಸಿದರು. ಅವರ ಕ್ಲಿನಿಕ್ಕಿಗೆ ಹೊಸದಾಗಿ ಟೈಲ್ಸ್ ಹಾಕಿಸಿದ್ದರು. ನೆಲ ಒಂದಿಷ್ಟು ಮೇಲೆ ಬಂದು ಎರಡು ಬಾಗಿಲು ಉಜ್ಜುತ್ತಿದ್ದವು. ಒಂದು, ಹಲ್ಲು ಕೀಳುವ ಕೋಣೆಯದು. ಇನ್ನೊಂದು, ಕಾಯುವವರು ಕೂರುವ ಹಾಲಿಗೆ ಅಂಟಿಕೊಂಡ ಶೌಚಾಲಯದ್ದು.

"ನೋಡಿ, ಮುಂದಿನ ರಸ್ತೇಲಿ ದೊಡ್ಡ ಕ್ಲಿನಿಕ್ ಕಟ್ಟಿಸ್ತಿದ್ದೀನಿ" ಎಂದರು ಡಾಕ್ಟರು. "ಬಾಗಿಲು, ಕಪಾಟು, ಕೌಂಟರು, ಒಂದು ವರ್ಷದ ಕೆಲಸ ಇದೆ. ಇಬ್ಬರಲ್ಲಿ ಯಾರಿಗೆ ಕೊಡಬೇಕು ಅಂತ ನನಗೆ ಗೊತ್ತಾಗ್ತಿಲ್ಲ. ಇಬ್ರೂ ಒಂದೊಂದು ಬಾಗಿಲು ಕೆಳಗಡೆ ಕೊಯ್ದು ಕೂರಿಸಿ. ಯಾರದು ಚೆನ್ನಾಗಿರುತ್ತೋ ಅವರಿಗೆ ಕೊಡ್ತೀನಿ."

ಒಂದು ವರ್ಷದ ಕೆಲಸ! ಅದು ಷಡ್ಡಕನ ಪಾಲಾದರೆ ಅವನು ವರ್ಷಪೂರ್ತಿ ಬಿಳಿ ಅಂಗಿ ಹಾಕಿಕೊಂಡು ನಮ್ಮ ಬೀದಿಯಲ್ಲೇ ಓಡಾಡುತ್ತಾನೆ. ನಾನು ಕಿಟಕಿ ಮುಚ್ಚಿಕೊಂಡು ಕೂರಬೇಕು. ಮರುದಿನವೇ ಅಂಗಡಿಗೆ ಹೋದೆ.

"ಟ್ರ್ಯಾಕ್ ಸಾ ತೋರಿಸಿ" ಎಂದೆ.

ಅಂಗಡಿಯವನು ಕನ್ನಡಕ ಏರಿಸಿಕೊಂಡ. "ಏನ್ ಕೆಲಸಕ್ಕೆ ಸಾರ್? ಬಾಗಿಲಾ, ಪ್ಲೈವುಡ್ಡಾ, ಕಪಾಟಿನ ಫಿಟ್ಟಿಂಗಾ?"

"ನಮ್ಮ ಷಡ್ಡಕ ಯಾವುದು ತಗೊಂಡ?"

"ಯಾರು ಸಾರ್?"

"ದಪ್ಪಗಿದ್ದಾನೆ. ಬಿಳಿ ಅಂಗಿ."

"ಓ, ಅವ್ರಾ! ತುಂಬಾ ತಿಳಿದೋರು ಸಾರ್. ಮೂರು ಸಲ ಬಂದ್ರು. ಮನೆಯಿಂದ ಮರ ತಂದು ಕೊಯ್ದು ನೋಡಿ ಆಮೇಲೆ ತಗೊಂಡ್ರು. ಇಗೋ, ಇದೇ."

"ಇದಕ್ಕಿಂತ ದೊಡ್ಡದು ಕೊಡಿ."

"ದೊಡ್ಡದು ಅಂದ್ರೆ? ಬ್ಲೇಡು ದೊಡ್ಡದಾ, ಮೋಟರು ದೊಡ್ಡದಾ?"

"ಎಲ್ಲಾ."

ಅಂಗಡಿಯವನು ಒಂದು ಕ್ಷಣ ನನ್ನ ಮುಖ ನೋಡಿದ. ಆಮೇಲೆ ಒಳ್ಳೆಯ ಮನುಷ್ಯನ ಹಾಗೆ ತಾಳ್ಮೆಯಿಂದ ಕೇಳಿದ. "ವೈರಿಂದಾ, ಬ್ಯಾಟರಿದಾ ಸಾರ್? ಒಂದೇ ಜಾಗದಲ್ಲಿ ಕೂತು ಕೊಯ್ಯೋದಾದ್ರೆ ವೈರೇ ಒಳ್ಳೇದು. ಮನೆಮನೆಗೆ ಹೋಗಿ ಫಿಟ್ಟಿಂಗ್ ಮಾಡೋದಾದ್ರೆ ಬ್ಯಾಟರಿ."

"ಅವನದು?"

"ವೈರಿಂದು."

"ಹಾಗಾದ್ರೆ ಬ್ಯಾಟರಿ."

"ಬ್ಲೇಡಿಗೆ ಹಲ್ಲು ಎಷ್ಟಿರಲಿ? ಚಕ್ಕೆ ಏಳಬಾರದು ಅಂದ್ರೆ ನಲವತ್ತೆಂಟು ಸಾಕು."

"ಅವನದು?"

"ನಲವತ್ತೆಂಟೇ ಸಾರ್."

"ಅರವತ್ತು ಇಲ್ವಾ?"

"ಈ ಮಷೀನಿಗೆ ಬರಲ್ಲ ಸಾರ್."

ಆ ಹನ್ನೆರಡು ಹಲ್ಲಿನ ಕೊರಗು ನನ್ನನ್ನು ಈಗಲೂ ಬಿಟ್ಟಿಲ್ಲ. ಅದನ್ನು ಮಷೀನು ಓಡುವ ಕಂಬಿಯಲ್ಲಿ ತೀರಿಸಿಕೊಂಡೆ. ಬಾಗಿಲನ್ನು ಅಡ್ಡಕ್ಕೆ ಕೊಯ್ಯಲು ಒಂದೂವರೆ ಮೀಟರಿನ ಕಂಬಿ ಧಾರಾಳವಾಯಿತು ಎಂದು ಅವನು ಎಷ್ಟೋ ಹೇಳಿದ. ಷಡ್ಡಕನದೂ ಅಷ್ಟೇ ಎಂದು ಗೊತ್ತಾದ ಮೇಲೆ ನಾನು ಮೂರು ಮೀಟರಿಂದು ಕಟ್ಟಿಸಿದೆ.

ಹೊರಡುವಾಗ ಅಂಗಡಿಯವನು ಕಂಬಿಯ ಅಂಚಿನ ಕಪ್ಪು ರಬ್ಬರನ್ನು ಬೆರಳಿಂದ ಮುಟ್ಟಿ ತೋರಿಸಿದ.

"ಒಂದ್ ವಿಷಯ ಚೆನ್ನಾಗಿ ಕೇಳಿಸ್ಕೊಳ್ಳಿ ಸಾರ್. ಹಳೇ ಮಷೀನ್ ತರ ಅಲ್ಲ ಇದು. ಬ್ಲೇಡು ಈ ರಬ್ಬರಿನ ಪಕ್ಕದಲ್ಲೇ ಹೋಗುತ್ತೆ. ರಬ್ಬರಿನ ಅಂಚನ್ನ ಗೆರೆ ಮೇಲೆ ಇಡಿ, ಕೊಯ್ಯಿರಿ, ಮುಗೀತು. ಲೆಕ್ಕ ಹಾಕೋಕೆ ಹೋಗ್ಬೇಡಿ. ಗೊತ್ತಾಯ್ತಾ?"

"ಗೊತ್ತಾಯ್ತು" ಎಂದೆ. "ಈ ಪೆಟ್ಟಿಗೆ ಬಣ್ಣ ಅವನ ಪೆಟ್ಟಿಗೆಗಿಂತ ಚೆನ್ನಾಗಿದೆ ಅಲ್ವಾ?"

ಮೂರು ಮೀಟರಿನ ಕಂಬಿ ಸ್ಕೂಟರಿಗೆ ಹತ್ತಲಿಲ್ಲ. ಹೆಗಲ ಮೇಲೆ ಹೊತ್ತು ನಡೆದೆ. ಬೀದಿಯ ತಿರುವಿನಲ್ಲಿ ನಾನು ಎಡಕ್ಕೆ ತಿರುಗಿದರೆ ಕಂಬಿಯ ಬಾಲ ಬಲಕ್ಕೆ ತಿರುಗಿ ಇಸ್ತ್ರಿಯವನ ಮೇಜಿನ ಮೇಲಿದ್ದ ಬಟ್ಟೆಗಳನ್ನೆಲ್ಲ ನೆಲಕ್ಕೆ ಗುಡಿಸಿತು. ಯಾರು ಬೈಯುತ್ತಿದ್ದಾರೆ ಎಂದು ನೋಡಲು ತಿರುಗಿದೆ. ಈ ಸಲ ಕಂಬಿಯ ಮೂತಿ ಎದುರಿನ ಟೈಲರನ ಬೋರ್ಡಿಗೆ ಬಡಿಯಿತು. ಇಬ್ಬರೂ ಸೇರಿ ಬೈದರು.

ಪಕ್ಕದ ಮನೆಯ ನಿವೃತ್ತ ಪೋಸ್ಟ್‌ಮಾಸ್ಟರು ಗೇಟಿನಲ್ಲೇ ನಿಂತಿದ್ದರು. "ಪರದೆ ಕಂಬಿನೇನ್ರೀ? ಅಷ್ಟು ದೊಡ್ಡ ಕಿಟಕಿ ಎಲ್ಲಿದೆ ನಿಮ್ಮನೇಲಿ?"

"ಪರದೆದಲ್ಲ ಸಾರ್, ಗರಗಸದ್ದು."

"ಗರಗಸಕ್ಕೆ ಪರದೆ ಯಾಕ್ರೀ?"

ಇವರು ಮೂವತ್ತು ವರ್ಷ ಜನರ ಕಾಗದಗಳನ್ನು ಹೇಗೆ ಹಂಚಿದರೋ! ಮನೆಯೊಳಗೆ ಕಂಬಿ ಇಡಲು ಜಾಗ ಸಿಕ್ಕಲಿಲ್ಲ. ಕೊನೆಗೆ ನಡುಮನೆಯಿಂದ ಅಡುಗೆಮನೆಗೆ ಅಡ್ಡ ಹಾಕಿದೆ. ಅಡುಗೆಮನೆಯ ಬಾಗಿಲು ಮುಚ್ಚುವುದು ನಿಂತಿತು. ಎರಡನೇ ದಿನ ನೋಡಿದರೆ ಅದರ ಮೇಲೆ ನನ್ನ ಎರಡು ಬನಿಯನ್ನು, ಒಂದು ಟವಲು ಒಣಗುತ್ತಿದ್ದವು.

"ಸದ್ಯ, ಒಂದು ಉಪಯೋಗಕ್ಕೆ ಬಂತು" ಎಂದಳು ಹೆಂಡತಿ.

ಪರೀಕ್ಷೆಯ ದಿನ ಬಂತು. ಷಡ್ಡಕ ನನಗಿಂತ ಮೊದಲೇ ಬಂದು ಶೌಚಾಲಯದ ಬಾಗಿಲನ್ನು ಕ್ಲಿನಿಕ್ಕಿನ ಅಂಗಳದಲ್ಲಿ ಮಲಗಿಸಿ, ಪುಟ್ಟ ಕಂಬಿ ಇಟ್ಟು, "ಝುಯ್" ಎಂದು ಒಂದು ಸದ್ದು ಮಾಡಿ, ಎತ್ತಿಕೊಂಡು ಒಳಗೆ ಹೋದ. ಹತ್ತು ನಿಮಿಷ. ಅವನ ಹಿಂದೆಯೇ ಕಾಂಪೌಂಡರು ಪೊರಕೆ ಹಿಡಿದು ಬಂದು, ಗುಡಿಸಲು ಏನೂ ಸಿಗದೆ ನಿಂತುಬಿಟ್ಟ.

"ಎಂಥ ಕೆಲಸ ನೋಡಿ! ಒಂದು ಚಿಟಿಕೆ ಧೂಳಿಲ್ಲ" ಎಂದು ನನಗೇ ಹೇಳಿದ.

ನಾನು ಹಲ್ಲು ಕೀಳುವ ಕೋಣೆಯ ಬಾಗಿಲನ್ನು ಎತ್ತರದ ಮೇಜಿನ ಮೇಲೆ ಮಲಗಿಸಿದೆ. ಕಂಬಿ ಬಾಗಿಲಿನ ಎರಡೂ ಕಡೆ ಒಂದೊಂದು ಮೀಟರು ಚಾಚಿಕೊಂಡಿತು. ಒಂದು ತುದಿ ಗೇಟಿಗೆ ಅಡ್ಡವಾಯಿತು. ಕೆನ್ನೆ ಊದಿಸಿಕೊಂಡು ಬಂದ ರೋಗಿಗಳು ಅದರ ಕೆಳಗೆ ಬಗ್ಗಿ ಬಗ್ಗಿ ಒಳಗೆ ಹೋದರು.

"ಅವರ ಬಾಗಿಲು ಈಗ ಬೆಣ್ಣೆ ಹಾಗೆ ತಿರುಗುತ್ತೆ ನೋಡಿ" ಎಂದ ಕಾಂಪೌಂಡರು.

ನಾನು ಗೆರೆ ಹಾಕಿದೆ. ನೆಲಕ್ಕೆ ಉಜ್ಜುವಷ್ಟು ತೆಗೆದರೆ ಸಾಕಿತ್ತು, ಗೆರೆ ಅಂಚಿನ ಹತ್ತಿರವೇ ಇತ್ತು.

"ಮಾತೂ ಎಷ್ಟು ಮೆತ್ತಗೆ! ನನ್ನನ್ನ ಅಣ್ಣ ಅಂತ ಕರೆದ್ರು" ಎಂದ ಕಾಂಪೌಂಡರು.

ನನ್ನನ್ನೂ ಅಣ್ಣ ಅನ್ನುತ್ತಾನೆ, ಇವನನ್ನೂ ಅಣ್ಣ ಅನ್ನುತ್ತಾನೆ! ನನ್ನ ಕಣ್ಣು ಒಳಗಿನ ಹಾಲಿನ ಕಡೆ, ಕಿವಿ ಕಾಂಪೌಂಡರ ಕಡೆ. ಕೈ ಮಾತ್ರ ಕೆಲಸದ ಮೇಲಿತ್ತು. ಅದು ತನಗೆ ಗೊತ್ತಿದ್ದದ್ದನ್ನು ಮಾಡಿತು. ಗೆರೆಯಿಂದ ಒಳಕ್ಕೆ ಮೂರು ಬೆರಳು ಇಟ್ಟು, ಕಿರುಬೆರಳಿನ ಅರ್ಧ ಸೇರಿಸಿ, ಅಲ್ಲಿ ಕಂಬಿಯ ಅಂಚು ಕೂರಿಸಿ ಬಿಗಿ ಮಾಡಿತು. ನಾನು ಮಷೀನು ಒತ್ತಿದೆ. ಬ್ಲೇಡು ಇಳಿಯಿತು. ಆಹಾ, ಏನು ಹೋಯಿತು ಅಂತೀರಿ! ಇಂಥ ಕೊಯ್ತವನ್ನು ನಾನು ನನ್ನ ಜನ್ಮದಲ್ಲಿ ಕೊಯ್ದಿರಲಿಲ್ಲ. ಅಂಚಿನ ಮೇಲೆ ಉಗುರು ಎಳೆದೆ, ಎಲ್ಲೂ ತಡೆಯಲಿಲ್ಲ. ಮಾವ ಇಲ್ಲಿರಬೇಕಿತ್ತು ಅನ್ನಿಸಿತು.

ಕೆಳಗೆ ಬಿದ್ದ ತುಂಡು ಯಾಕೆ ಅಷ್ಟು ಅಗಲವಾಗಿದೆ ಎಂದು ಕೇಳಬೇಕು ಎಂದೂ ನನಗೆ ತೋಚಲಿಲ್ಲ.

ಬಾಗಿಲು ಎತ್ತಿ ಕೀಲುಗಳಿಗೆ ಸಿಕ್ಕಿಸಿ ಹಿಂದೆ ಸರಿದು ನೋಡಿದೆ. ಬಾಗಿಲು ಚಡ್ಡಿ ಹಾಕಿಕೊಂಡು ನಿಂತಿತ್ತು. ಕೆಳಗೆ ಬೆಕ್ಕೊಂದು ತಲೆ ಬಗ್ಗಿಸಿ ಓಡಾಡುವಷ್ಟು ಜಾಗ. ಅಂಗಡಿಯವನು ಹೇಳಿದ ರಬ್ಬರಿನ ಮಾತು ಆಗ ನೆನಪಾಯಿತು. ಅಷ್ಟರಲ್ಲಿ ಡಾಕ್ಟರು ಕೈಗವಸು ಕಳಚುತ್ತಾ ಬಂದರು, ಹಿಂದೆಯೇ ಷಡ್ಡಕ.

"ಇದೇನ್ರೀ ಇದು?" ಎಂದರು ಡಾಕ್ಟರು.

"ಗಾಳಿ" ಎಂದೆ.

"ಗಾಳಿ?"

"ಹೌದು ಡಾಕ್ಟ್ರೇ. ಹೊಸ ಪದ್ಧತಿ. ಔಷಧಿ ವಾಸನೆ ಒಳಗೆ ನಿಲ್ಲಬಾರದು. ರೋಗಿಗೆ ಉಸಿರು ಕಟ್ಟಬಾರದು. ಈಗ ದೊಡ್ಡ ದೊಡ್ಡ ಆಸ್ಪತ್ರೇಲೆಲ್ಲ ಹೀಗೇ."

ಒಂದು ಸುಳ್ಳಿಗೆ ಇಷ್ಟು ಗಾಳಿ ಸಾಕಲ್ಲ? ಡಾಕ್ಟರು ಬಗ್ಗಿ ನೋಡಿದರು, ತಲೆ ಕೆರೆದುಕೊಂಡರು. ಒಳಗಿನಿಂದ ಯಾರೋ ಬಾಯಿ ತೆರೆದುಕೊಂಡೇ "ಆ ಆ" ಎಂದು ಕರೆದರು. "ಆಯ್ತು, ನೋಡೋಣ. ನಾಳೆ ಬೆಳಗ್ಗೆ ಹೇಳ್ತೀನಿ" ಎಂದು ಹೊರಟುಹೋದರು.

ಗೇಟಿನ ಹತ್ತಿರ ಷಡ್ಡಕ ನನ್ನನ್ನು ತಡೆದ. ಮುಖ ಬಾಡಿತ್ತು.

"ಅಣ್ಣ, ಈ ಗಾಳಿ ಪದ್ಧತಿ ನನಗೆ ಗೊತ್ತೇ ಇರ್ಲಿಲ್ಲ. ಕಾರ್ಖಾನೇಲಿ ಯಾರೂ ಹೇಳ್ಕೊಡ್ಲಿಲ್ಲ. ಕೆಳಗೆ ಎಷ್ಟು ಬಿಡ್ಬೇಕು?"

ಷಡ್ಡಕನಾದ ಮೇಲೆ ಮೊದಲ ಸಲ ಅವನು ನನ್ನನ್ನು ಕೆಲಸದ ಒಂದು ಮಾತು ಕೇಳಿದ್ದ. ಅವನ ಕಣ್ಣಿನಲ್ಲಿ ಇದ್ದದ್ದು ಹೊಟ್ಟೆಕಿಚ್ಚು. ಆ ಸರಕು ನನಗೆ ಚೆನ್ನಾಗಿ ಗೊತ್ತು, ನೋಡಿದ ಕೂಡಲೇ ಗುರುತು ಹಿಡಿದೆ. ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು. ನಿಜ ಹೇಳಬಹುದಿತ್ತು. ಹೇಳಲಿಲ್ಲ.

"ಮೂರೂವರೆ ಬೆರಳು" ಎಂದೆ, ಗಂಟಲು ಸರಿಮಾಡಿಕೊಂಡು. "ಜಾಸ್ತಿ ಇಲ್ಲ, ಕಮ್ಮಿ ಇಲ್ಲ."

ಮರುದಿನ ಬೆಳಗ್ಗೆ ತೀರ್ಪು ಕೇಳಲು ಹೋದೆ. ಷಡ್ಡಕ ಆಗಲೇ ಬೆಂಚಿನ ಮೇಲೆ ಕೂತಿದ್ದ, ಬಿಳಿ ಅಂಗಿ. ಹಾಲಿನಲ್ಲಿ ಏಳೆಂಟು ಜನ ರೋಗಿಗಳು. ನಾನು ಶೌಚಾಲಯದ ಬಾಗಿಲು ನೋಡಿದೆ. ಅದೂ ಚಡ್ಡಿ ಹಾಕಿಕೊಂಡಿತ್ತು!

"ಬೆಳಗ್ಗೆ ಏಳಕ್ಕೇ ಬಂದು ಇನ್ನೊಂದ್ಸಲ ಕೊಯ್ದ್ರು" ಎಂದ ಕಾಂಪೌಂಡರು. "ನಿನ್ನೆದಕ್ಕೆ ಗಾಳಿ ಕಮ್ಮಿ ಆಗಿತ್ತಂತೆ."

ನನ್ನಿಂದ ಒಬ್ಬನ ಚಿನ್ನದಂಥ ಬಾಗಿಲು ಹಾಳಾಯಿತಲ್ಲ ಎಂದು ನಾನು ಪೇಚಾಡಬೇಕಿತ್ತು. ಪೇಚಾಡಿದೆ ಕೂಡ, ಆದರೆ ಆಮೇಲೆ. ಮೊದಲು ಕಣ್ಣಿಗೆ ಬಿದ್ದದ್ದೇ ಬೇರೆ. ಅವನ ಬೆರಳು ದಪ್ಪ, ನನ್ನ ಬೆರಳು ಸಣಕಲು. ಅವನ ಮೂರೂವರೆ ಅಂದರೆ ನನ್ನ ನಾಲ್ಕೂವರೆ. ಗಾಳಿಯಲ್ಲೂ ನನಗಿಂತ ಒಂದು ಬೆರಳು ಮುಂದೆ ಹೋಗಿದ್ದ!

ಆ ಹೊತ್ತಿಗೆ ಒಬ್ಬ ಹೆಂಗಸು ಶೌಚಾಲಯದೊಳಗೆ ಹೋದಳು. ಬಾಗಿಲು ಹಾಕಿಕೊಂಡಳು. ಹಾಲಿನಲ್ಲಿದ್ದವರೆಲ್ಲ ಆಕೆಯ ಪಾದಗಳನ್ನು ನೋಡಿ, ನೋಡಬಾರದೆಂದು ಸೂರಿನ ಕಡೆ ನೋಡಿದರು. ಆಕೆಯೂ ಒಳಗಿನಿಂದ ನಮ್ಮ ಹದಿನಾರು ಕಾಲುಗಳನ್ನು ನೋಡಿರಬೇಕು. ಹೋದಷ್ಟೇ ಬೇಗ ಹೊರಗೆ ಬಂದು, ಯಾರ ಮುಖವನ್ನೂ ನೋಡದೆ ಸೀದಾ ಮನೆಗೆ ಹೋದಳು.

ಇನ್ನು ಹಲ್ಲು ಕೀಳುವ ಕೋಣೆ. ನನ್ನ ಬಾಗಿಲಿನ ಕೆಳಗೆ ಕುರ್ಚಿಯ ಬುಡ ಕಾಣುತ್ತಿತ್ತು. ಅದರ ಕಾಲುಹಲಗೆಯಿಂದ ಎರಡು ಪಾದ ಕೆಳಗೆ ಇಳಿಬಿದ್ದಿದ್ದವು. ಪಾದದಲ್ಲಿ ಸವೆದ ಕಂದು ಚಪ್ಪಲಿ. ಎಲ್ಲೋ ನೋಡಿದ್ದೇನಲ್ಲ ಎಂದುಕೊಂಡೆ. ಒಳಗೆ ಯಂತ್ರ ಗುಂಯ್‌ಗುಟ್ಟಿತು. ಪಾದಗಳು ನೆಟ್ಟಗಾದವು. ಹೆಬ್ಬೆರಳು ಮೇಲಕ್ಕೆದ್ದವು. ಆಮೇಲೆ ಎರಡೂ ಪಾದ ಒಂದನ್ನೊಂದು ಹಿಡಿದುಕೊಂಡು ಒದ್ದಾಡಿದವು. ಒಂದು ಚಪ್ಪಲಿ ಕಳಚಿ, ಬಾಗಿಲಿನ ಕೆಳಗೆ ನುಸುಳಿ, ಹೊಸ ಟೈಲ್ಸಿನ ಮೇಲೆ ಜಾರುತ್ತಾ ಬಂದು ಕಾಯುತ್ತಿದ್ದವರ ನಡುವೆ ನಿಂತಿತು.

"ನನಗೆ ನೋವು ಕಮ್ಮಿ ಆದ ಹಾಗಿದೆ" ಎಂದು ಒಬ್ಬ ಎದ್ದ.

"ಒಲೆ ಮೇಲೆ ಹಾಲಿಟ್ಟು ಬಂದಿದ್ದೆ" ಎಂದು ಇನ್ನೊಬ್ಬ ಎದ್ದ. ಅವನಿಗೆ ಹೆಂಡತಿಯೂ ಇಲ್ಲ, ಒಲೆಯೂ ಇಲ್ಲ ಎಂದು ನನಗೆ ಗೊತ್ತಿತ್ತು. ಎರಡು ನಿಮಿಷಕ್ಕೆ ಹಾಲಿನಲ್ಲಿ ನಾವಿಬ್ಬರು ಷಡ್ಡಕರು ಮತ್ತು ಆ ಚಪ್ಪಲಿ, ಇಷ್ಟೇ ಉಳಿದೆವು. ಷಡ್ಡಕ ಚಪ್ಪಲಿ ನೋಡಿ ಬಿಳುಚಿಕೊಂಡ.

"ಅಣ್ಣ, ಇದು ಮಾವಂದು."

ಬಾಗಿಲು ತೆರೆದು ಡಾಕ್ಟರು ಬಂದರು. ಖಾಲಿ ಬೆಂಚು ನೋಡಿದರು. ಶೌಚಾಲಯದ ಬಾಗಿಲು ನೋಡಿದರು. ಮೊದಲು ಷಡ್ಡಕನ ಮೇಲೆ ಹರಿಹಾಯ್ದರು.

"ನಿಮಗೇನ್ರೀ ಬಂತು ದೊಡ್ಡ ರೋಗ? ನಿನ್ನೆ ಅಷ್ಟು ಚೆನ್ನಾಗಿತ್ತು ಬಾಗಿಲು! ಕೆಲಸ ನಿಮಗೇ ಕೊಡೋಣ ಅಂತ ರಾತ್ರಿಯೇ ತೀರ್ಮಾನ ಮಾಡಿದ್ದೆ. ಯಾರ್ ಹೇಳಿದ್ರು ನಿಮಗೆ ಇದನ್ನ ಕೊಯ್ಯೋಕೆ?"

ಷಡ್ಡಕ ತಲೆ ತಗ್ಗಿಸಿದ. ನನ್ನ ಕಡೆ ನೋಡಲೂ ಇಲ್ಲ. "ಯಾರೂ ಹೇಳ್ಲಿಲ್ಲ ಡಾಕ್ಟ್ರೇ. ಗಾಳಿ ಬರ್ಲಿ ಅಂತ ನಾನೇ."

ಹೆಸರು ಹೇಳಲಿಲ್ಲ! ಒಳ್ಳೆಯತನದಲ್ಲೂ ನನ್ನನ್ನು ಸೋಲಿಸಬೇಕೆಂದು ಇವನು ಹಟ ತೊಟ್ಟಿದ್ದನೋ ಏನೋ. ನಾನು ಬಾಯಿ ಮುಚ್ಚಿಕೊಂಡಿದ್ದರೆ ವರ್ಷದ ಕೆಲಸ ನನ್ನದಾಗುವ ಸಾಧ್ಯತೆ ಇನ್ನೂ ಒಂದೆಳೆ ಉಳಿದಿತ್ತು. ಅಷ್ಟರಲ್ಲಿ ಡಾಕ್ಟರ ಹಿಂದಿನಿಂದ ಮಾವ ಬಂದರು. ಒಂದು ಕೆನ್ನೆ ಊದಿ ಬಾಯಿ ಸೊಟ್ಟಗಾಗಿತ್ತು, ಬಾಯಿತುಂಬ ಹತ್ತಿ, ಒಂದೇ ಕಾಲಿಗೆ ಚಪ್ಪಲಿ. ಸೀದಾ ಬಂದು ನನ್ನ ಬಾಗಿಲಿನ ಮುಂದೆ ಕುಕ್ಕರುಗಾಲಲ್ಲಿ ಕೂತರು. ಬಾಗಿಲಿಗೂ ನೆಲಕ್ಕೂ ನಡುವೆ ಬೆರಳು ಇಟ್ಟರು. ಒಂದು. ಎರಡು. ಮೂರು. ಆಮೇಲೆ ಕಿರುಬೆರಳಿನ ಅರ್ಧ. ಅಳತೆ ಕಚ್ಚಿ ಕೂತಿತು. ನಿಧಾನವಾಗಿ ತಲೆ ಎತ್ತಿ ನನ್ನ ಮುಖ ನೋಡಿದರು.

ಆ ನೋಟದ ಮುಂದೆ ಯಾವ ಗಾಳಿಯೂ ನಿಲ್ಲುವುದಿಲ್ಲ.

"ಡಾಕ್ಟ್ರೇ, ಗಾಳಿನೂ ಇಲ್ಲ, ಗೀಳಿನೂ ಇಲ್ಲ" ಎಂದೆ. "ಹೊಸ ಮಷೀನಿಗೆ ಹಳೇ ಲೆಕ್ಕ ಹಿಡಿದೆ. ಬಾಗಿಲು ಮೋಟಾಯ್ತು. ಮಾನ ಉಳಿಸ್ಕೊಳ್ಳೋಕೆ ಸುಳ್ಳು ಹೇಳಿದೆ. ಇವನು ಕೇಳಿದಾಗ ಇವನಿಗೂ ಅದೇ ಸುಳ್ಳು ಹೇಳಿದೆ. ಇವನ ತಪ್ಪು ಏನೂ ಇಲ್ಲ."

"ತಾನು ಕೆಟ್ಟ ಕೋತಿ ವನಾನೂ ಕೆಡಿಸ್ತಂತೆ!" ಎಂದು ಡಾಕ್ಟರು ಕೂಗಿದರು. "ಇವರ ಮೇಲೆ ಅಷ್ಟೊಂದು ಹೊಟ್ಟೆಕಿಚ್ಚೇನ್ರೀ ನಿಮಗೆ?"

"ಹೌದು ಡಾಕ್ಟ್ರೇ" ಎಂದೆ. ಇಷ್ಟು ಹೇಳಿದ ಮೇಲೆ ಅದೊಂದನ್ನು ಯಾಕೆ ಮುಚ್ಚಿಡಬೇಕು?

ಷಡ್ಡಕ ಬಾಯಿ ತೆರೆದುಕೊಂಡು ನನ್ನನ್ನು ನೋಡಿದ. "ನನ್ ಮೇಲಾ ಅಣ್ಣ? ನನಗೆ ನಿಮ್ ಮೇಲೆ ಇತ್ತು! ನಿಮ್ಮ ಹಾಗೆ ಬೆರಳಳತೇಲಿ ಕೊಯ್ಯೋಕೆ ಬರಲ್ಲ ಅಂತಾನೇ ಆ ಮಷೀನು ತಗೊಂಡದ್ದು. ಮಾವ ಯಾವಾಗ್ಲೂ ಅಂತಾರೆ, ಗರಗಸ ಹಿಡಿದ್ರೆ ದೊಡ್ಡಳಿಯ ಹಿಡಿದ ಹಾಗೆ ಹಿಡೀಬೇಕು ಅಂತ."

ಮಾವ ಹೀಗೆ ಹೇಳುತ್ತಾರೆಂಬುದು ನನಗೆ ಹೊಸ ಸುದ್ದಿ. ನಾನು ಅವರ ಕಡೆ ತಿರುಗಿದೆ. ಅವರು ಬಾಯಲ್ಲಿ ಹತ್ತಿ ಇದ್ದ ಕಾರಣಕ್ಕೋ ಏನೋ ಕೇಳಿಸದವರ ಹಾಗೆ ಕೂತಿದ್ದರು.

ಡಾಕ್ಟರು ನಮ್ಮಿಬ್ಬರನ್ನೂ ಒಂದು ಸಲ, ಮಾವನನ್ನು ಒಂದು ಸಲ ನೋಡಿದರು. ಕೋಪ ಇಳಿದು, ನಗು ತಡೆಯಲಾರದೆ ಗೋಡೆ ಹಿಡಿದುಕೊಂಡರು. "ಈ ಎರಡು ಬಾಗಿಲು ಹೊಸದಾಗಿ ಮಾಡಿಕೊಡಿ, ದಂಡ. ಹೊಸ ಕ್ಲಿನಿಕ್ ಕೆಲಸ ಇಬ್ರೂ ಸೇರಿ ಮಾಡಿ. ಆದ್ರೆ ಒಬ್ಬ ಗೆರೆ ಹಾಕಬೇಕು, ಇನ್ನೊಬ್ಬ ಕೊಯ್ಯಬೇಕು. ನಿಮ್ಮ ಮಾವ ಅಲ್ಲೇ ಕುರ್ಚಿ ಹಾಕ್ಕೊಂಡು ಕೂತಿರಬೇಕು. ಒಪ್ಪಿಗೆನಾ?"

ಒಪ್ಪದೆ ಏನು ಮಾಡೋಣ? ಷಡ್ಡಕ ಹೋಗಿ ಚಪ್ಪಲಿ ತಂದು ಮಾವನ ಕಾಲಿನ ಹತ್ತಿರ ಇಟ್ಟ. ಅದೂ ನನಗೆ ಮೊದಲು ಹೊಳೆಯಲಿಲ್ಲ.

ಮಾವ ಏಳುವ ಮೊದಲು ನನ್ನ ಬಾಗಿಲಿನ ಕೆಳಗೆ ಕೈ ತೂರಿಸಿ, ಕೊಯ್ದ ಅಂಚಿನ ಮೇಲೆ ಹೆಬ್ಬೆರಳ ಉಗುರು ಎಳೆದರು. ಈ ತುದಿಯಿಂದ ಆ ತುದಿಗೆ. ಉಗುರು ಎಲ್ಲೂ ತಡೆಯಲಿಲ್ಲ.

"ಹೂಂ" ಎಂದರು ಮಾವ.

ಹದಿನಾಲ್ಕು ವರ್ಷ! ನನ್ನ ಕಣ್ಣಲ್ಲಿ ನೀರು ಬಂತು. ಮೋಟು ಬಾಗಿಲಾದರೇನು, ಹೂಂ ಹೂಂ ಅಲ್ಲವೇ? ಕಾಂಪೌಂಡರು ಸಾಕ್ಷಿಗೆ ಇದ್ದಾನೋ ಎಂದು ತಿರುಗಿ ನೋಡಿಕೊಂಡೆ.

ಮಾವ ಎದ್ದು, ಚಪ್ಪಲಿ ಮೆಟ್ಟಿಕೊಂಡು, ಶೌಚಾಲಯದ ಬಾಗಿಲಿಗೆ ಹೋದರು. ಕೂತರು. ಕೈ ತೂರಿಸಿದರು. ಉಗುರು ಎಳೆದರು.

"ಹೂಂ... ಹೂಂ" ಎಂದರು.

ಎರಡು ಸಲ.

ದಾರಿಯುದ್ದಕ್ಕೂ ಷಡ್ಡಕ ನನ್ನನ್ನು ಸಮಾಧಾನ ಮಾಡಿದ. "ಅಯ್ಯೋ ಬಿಡಿ ಅಣ್ಣ, ಎರಡನೇದು ಹೂಂ ಅಲ್ಲ. ಬಾಯಲ್ಲಿ ಹತ್ತಿ ಸಿಕ್ಕಿಹಾಕ್ಕೊಂಡಿತ್ತು, ಅದಕ್ಕೆ."

ಇರಬಹುದು. ಆದರೆ ಆ ಹತ್ತಿ ನನ್ನ ಬಾಗಿಲಿನ ಹತ್ತಿರ ಯಾಕೆ ಸಿಕ್ಕಿಹಾಕಿಕೊಳ್ಳಲಿಲ್ಲ?